ಏರುವ ನಾದ, ಇಳಿಯುವ ನಾದ

ಹಾಡನ್ನು ಕೇಳಿ ಕಲಿಯುವವನಿಗೆ ಗುರುವಿನ ಕಂಠವೇ ಪುಸ್ತಕ. ಎಲ್ಲಿ ದನಿಯನ್ನು ತಗ್ಗಿಸಬೇಕು, ಎಲ್ಲಿ ತುಂಬಿ ಹಾಡಬೇಕು ಎಂಬುದು ಅವನಿಗೆ ಕಿವಿಯಿಂದಲೇ ತಿಳಿಯುತ್ತದೆ. ಯುರೋಪಿನ ಶಾಸ್ತ್ರೀಯ ಸಂಗೀತದ ಮಾರ್ಗ ಬೇರೆ. ಅಲ್ಲಿ ಕೃತಿಯನ್ನು ರಚಿಸಿದವನು ವಿಯೆನ್ನಾದಲ್ಲಿ ಬಾಳಿ ಹೋದವನಾಗಿರಬಹುದು. ಅದನ್ನು ನುಡಿಸುವವರು ಇನ್ನೂರು ವರ್ಷಗಳ ತರುವಾಯ ಟೋಕಿಯೋದಲ್ಲಿರಬಹುದು. ಇಬ್ಬರ ನಡುವೆ ಉಳಿದಿರುವುದು ಒಂದು ಹಾಳೆ ಮಾತ್ರ. ಆ ಹಾಳೆಯ ಐದು ಗೆರೆಗಳ ಮೇಲೆ ಬರೆದ ಚಿಹ್ನೆಗಳು ಯಾವ ಸ್ವರ, ಎಷ್ಟು ಕಾಲ ಎಂಬೆರಡನ್ನು ಹೇಳುತ್ತವೆ. ಎಷ್ಟು ಗಟ್ಟಿಯಾಗಿ ಎಂಬುದನ್ನು ಹೇಳಲು ಬೇರೆಯ ಸಂಜ್ಞೆಗಳೇ ಬೇಕಾದುವು.

ಈ ಸಂಜ್ಞೆಗಳ ಭಾಷೆ ಇಟಾಲಿಯನ್. ಒಂದು ಕಾಲಕ್ಕೆ ಇಟಲಿಯು ಯುರೋಪಿನ ಸಂಗೀತಕ್ಕೆಲ್ಲ ಗುರುಸ್ಥಾನದಲ್ಲಿದ್ದುದೇ ಇದಕ್ಕೆ ಕಾರಣ. ಮೆಲುದನಿಗೆ ‘ಪಿಯಾನೊ’, ಗಟ್ಟಿದನಿಗೆ ‘ಫೋರ್ಟೆ’. ಹಾಳೆಯಲ್ಲಿ ಇವುಗಳ ಮೊದಲಕ್ಷರಗಳಾದ ರೋಮನ್ ಲಿಪಿಯ ಪಿ ಮತ್ತು ಎಫ್ ಮಾತ್ರ ಕಾಣುತ್ತವೆ. ಎರಡು ಪಿ ಎಂದರೆ ಬಹಳ ಮೆಲ್ಲಗೆ, ಎರಡು ಎಫ್ ಎಂದರೆ ಬಹಳ ಗಟ್ಟಿಯಾಗಿ. ರಷ್ಯದ ಚೈಕೋವ್ಸ್ಕಿಯು 1893ರ ತನ್ನ ಆರನೆಯ ಸಿಂಫನಿಯ ಒಂದೆಡೆ ಆರು ಪಿಗಳನ್ನು ಸಾಲಾಗಿ ಬರೆದಿದ್ದಾನೆ. ಅಷ್ಟು ಮೆಲ್ಲಗೆ ಊದಬೇಕಾದ ಬಸೂನ್ ವಾದಕನ ಪಾಡು ಹೇಗಿದ್ದೀತು! ವೆನಿಸ್ಸಿನ ಜೊವಾನ್ನಿ ಗಾಬ್ರಿಯೆಲಿ 1597ರಲ್ಲಿ ಪ್ರಕಟಿಸಿದ ಕೃತಿಯೊಂದರ ಹೆಸರಿನಲ್ಲಿಯೇ ಪಿಯಾನೊ, ಫೋರ್ಟೆಗಳು ಸೇರಿಕೊಂಡಿವೆ.

ಆದರೆ ಇವೆಲ್ಲ ಮೆಟ್ಟಿಲುಗಳು. ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದು, ಜಾರುವಂತಿಲ್ಲ. ಸಂಜೆಯ ಬೆಳಕು ಕುಂದುವಂತೆ, ದೂರದ ಮೆರವಣಿಗೆ ಹತ್ತಿರ ಬರುವಂತೆ ನಾದವು ಅರಿವಿಗೆ ಬಾರದ ಹಾಗೆ ಬದಲಾಗಬೇಕಾದರೆ ಏನು ಮಾಡುವುದು? ಅದಕ್ಕಾಗಿ ಬಂದವು ‘ಕ್ರೆಶೆಂಡೊ’ ಮತ್ತು ‘ಡಿಮಿನುಯೆಂಡೊ’. ಮೊದಲನೆಯದಕ್ಕೆ ಬೆಳೆಯುತ್ತ ಎಂದೂ, ಎರಡನೆಯದಕ್ಕೆ ಕುಗ್ಗುತ್ತ ಎಂದೂ ಅರ್ಥ. ಇವುಗಳನ್ನು ಪದವಾಗಿ ಬರೆಯಬಹುದು, ಇಲ್ಲವೆ ಚಿತ್ರವಾಗಿ ಬರೆಯಬಹುದು. ಚಿತ್ರವೆಂದರೆ ಒಂದು ಬಿಂದುವಿನಿಂದ ಹೊರಟು ಕವಲೊಡೆಯುವ ಎರಡು ಗೆರೆಗಳು; ಮುಡಿಗೆ ಸಿಕ್ಕಿಸುವ ಪಿನ್ನಿನ ಆಕಾರವಿರುವುದರಿಂದ ಇದಕ್ಕೆ ಹೇರ್‌ಪಿನ್ ಎಂದೇ ಹೆಸರು. ಎಡದಲ್ಲಿ ಕೂಡಿದ ಗೆರೆಗಳು ಬಲಕ್ಕೆ ತೆರೆಯುತ್ತ ಹೋದರೆ ನಾದ ಏರಬೇಕು. ಎಡದಲ್ಲಿ ತೆರೆದಿದ್ದು ಬಲಕ್ಕೆ ಕೂಡಿಕೊಂಡರೆ ನಾದ ಇಳಿಯಬೇಕು. ಗಣಿತದಲ್ಲಿ ನೀವು ‘ಇದಕ್ಕಿಂತ ಕಡಿಮೆ’ ಎಂದು ಓದುವ ಚಿಹ್ನೆಯೇ ಇಲ್ಲಿ ಉದ್ದವಾಗಿ ಚಾಚಿಕೊಂಡು ‘ಹೆಚ್ಚಿಸುತ್ತ ಹೋಗು’ ಎನ್ನುತ್ತದೆ. ಗೆರೆಗಳು ಆರಂಭವಾಗುವ ಸ್ವರದಲ್ಲಿ ಏರಿಕೆ ಆರಂಭ, ಮುಗಿಯುವ ಸ್ವರದಲ್ಲಿ ಮುಕ್ತಾಯ. ಏರಿಕೆಯು ಹಲವು ಸಾಲುಗಳವರೆಗೆ ಸಾಗುವುದಾದರೆ ಸಾಮಾನ್ಯವಾಗಿ ಪದವನ್ನೇ ಬರೆದು ಮುಂದಕ್ಕೆ ತುಂಡುಗೆರೆ ಎಳೆಯುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕ್ರೆಶೆಂಡೊ ಎಂದರೆ ಗಟ್ಟಿಯಾಗಿ ಎಂದಲ್ಲ, ಗಟ್ಟಿಯಾಗುತ್ತ ಎಂದು. ಆ ಸಂಜ್ಞೆ ಕಂಡೊಡನೆ ದನಿಯೇರಿಸಿದವನಿಗೆ ಮುಂದೆ ಏರಲು ಜಾಗವೇ ಉಳಿಯದು. ಬಲ್ಲವನು ಆರಂಭದಲ್ಲಿ ದನಿಯನ್ನು ತಗ್ಗಿಸಿಯೇ ಹಿಡಿಯುತ್ತಾನೆ. ದನಿ ಏರಿದಂತೆ ಕೈಯೂ ಅವಸರಪಡುವುದು ಸಹಜ. ಸಂಜ್ಞೆಯು ವೇಗದ ಮಾತನ್ನೇ ಆಡಿಲ್ಲವೆಂಬುದನ್ನು ಅಭ್ಯಾಸಿಗಳು ಮರೆಯುತ್ತಾರೆ.

ಗಾಯಕರು ಒಂದೇ ಸ್ವರವನ್ನು ಉಬ್ಬಿಸಿ ಇಳಿಸುವ ಕೌಶಲವನ್ನು ಬಹು ಹಿಂದಿನಿಂದಲೂ ಬಲ್ಲವರು. ಇಡೀ ವಾದ್ಯವೃಂದವೇ ಹಾಗೆ ಒಂದಾಗಿ ಏರುವುದಕ್ಕೆ ಹೆಸರಾದದ್ದು ಹದಿನೆಂಟನೆಯ ಶತಮಾನದ ಜರ್ಮನಿಯ ಮಾನ್‌ಹೈಮ್ ನಗರ. ಅಲ್ಲಿಯ ಆಸ್ಥಾನದ ವೃಂದವನ್ನು 1740ರ ದಶಕದಿಂದ 1757ರಲ್ಲಿ ಸಾಯುವವರೆಗೆ ಯೋಹಾನ್ ಸ್ಟಾಮಿಟ್ಸ್ ಪಳಗಿಸಿದನು. ಇಟಲಿಯ ಯೊಮ್ಮೆಲ್ಲಿಯ ಹೆಸರೂ ಇದರೊಡನೆ ಸೇರಿದೆ. ಅವನ ಕ್ರೆಶೆಂಡೊ ಏರುತ್ತಿದ್ದಂತೆ ರೋಮಿನ ಶ್ರೋತೃಗಳು ತಮಗರಿವಿಲ್ಲದೆಯೇ ಆಸನಗಳಿಂದ ಮೇಲೆದ್ದರೆಂದೂ, ನಾದ ಇಳಿಯತೊಡಗಿದಾಗಲೇ ಉಸಿರಾಡಿದರೆಂದೂ ರೈಖಾರ್ಟ್ ಎಂಬ ಸಂಗೀತಗಾರ ಬರೆದಿಟ್ಟಿದ್ದಾನೆ.

ಎಲ್ಲ ವಾದ್ಯಗಳೂ ಈ ಆಜ್ಞೆಯನ್ನು ಒಂದೇ ಬಗೆಯಲ್ಲಿ ಪಾಲಿಸಲಾರವು. ಪಿಟೀಲುಗಾರ ಕಮಾನಿನ ವೇಗವನ್ನೂ ಒತ್ತಡವನ್ನೂ ಹೆಚ್ಚಿಸಿ ಒಂದೇ ಸ್ವರವನ್ನು ಬೆಳೆಸಬಲ್ಲ. ಹಾರ್ಪ್ಸಿಕಾರ್ಡಿನ ಮನೆಗಳನ್ನು ಹೇಗೆ ಒತ್ತಿದರೂ ತಂತಿಯನ್ನು ಮೀಟುವ ಬಲ ಹೆಚ್ಚುಕಡಿಮೆ ಒಂದೇ. ಈ ಕೊರತೆಯನ್ನು ನೀಗಿದ್ದು 1700ರ ಸುಮಾರಿಗೆ ಫ್ಲಾರೆನ್ಸಿನ ಕ್ರಿಸ್ಟೊಫೊರಿ ರೂಪಿಸಿದ ಹೊಸ ವಾದ್ಯ. ಮೆಲ್ಲಗೂ ಗಟ್ಟಿಯಾಗಿಯೂ ನುಡಿಯಬಲ್ಲದ್ದೆಂಬ ಕಾರಣಕ್ಕೆ ಅದು ಪಿಯಾನೊ-ಫೋರ್ಟೆ ಎನಿಸಿ, ಮುಂದೆ ಬರಿಯ ಪಿಯಾನೊ ಆಯಿತು. ಅದರಲ್ಲಿಯೂ ಸುತ್ತಿಗೆ ತಂತಿಗೆ ಬಡಿದ ಮರುಕ್ಷಣದಿಂದ ಸ್ವರ ಕುಂದತೊಡಗುತ್ತದೆ. ಒಂದೊಂದು ಸ್ವರವನ್ನೂ ಹಿಂದಿನದಕ್ಕಿಂತ ತುಸು ಬಲವಾಗಿ ನುಡಿಸುವುದೇ ಅಲ್ಲಿಯ ಕ್ರೆಶೆಂಡೊ. ಆ ಸಣ್ಣ ಮೆಟ್ಟಿಲುಗಳನ್ನು ಇಳಿಜಾರಾಗಿ ಬೆಸೆಯುವುದು ನಮ್ಮ ಕಿವಿ.

ನಮ್ಮ ಸ್ವರಲಿಪಿಯಲ್ಲಿ ಸ್ವರ, ಸ್ಥಾಯಿ, ತಾಳಗಳಿಗೆ ಗುರುತುಗಳಿವೆ. ನಾದದ ಏರಿಳಿತವನ್ನು ಸಾಮಾನ್ಯವಾಗಿ ಗಾಯಕನ ಮನೋಧರ್ಮಕ್ಕೆ ಬಿಟ್ಟಿದೆ. ಆದರೂ ಈ ಹೇರ್‌ಪಿನ್ನುಗಳು ನಮಗೆ ತೀರ ಅಪರಿಚಿತವಲ್ಲ. ಮೈಸೂರು ಅರಮನೆಯಲ್ಲಿ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಬಲ್ಲವರಾಗಿದ್ದರು.

ಯಾವ ಸಂಜ್ಞೆಯೂ ಇಲ್ಲದೆ ನಾದವನ್ನು ಕುಗ್ಗಿಸಿದ ಪ್ರಸಂಗವೊಂದುಂಟು. 1772ರಲ್ಲಿ ರಾಜಕುಮಾರ ನಿಕೊಲಾಸ್ ಎಸ್ತರ್ಹಾಜಿಯು ಹಳ್ಳಿಗಾಡಿನ ಅರಮನೆಯಿಂದ ಹಿಂದಿರುಗುವುದನ್ನು ಮುಂದೂಡುತ್ತಲೇ ಇದ್ದನು. ಹೆಂಡತಿ ಮಕ್ಕಳನ್ನು ಐಸೆನ್‌ಸ್ಟಾಟಿನಲ್ಲಿ ಬಿಟ್ಟುಬಂದಿದ್ದ ವಾದಕರು ತಮ್ಮ ಮುಖ್ಯಸ್ಥನಾದ ಹೈಡನ್ನನಲ್ಲಿ ಮೊರೆಯಿಟ್ಟರು. ಅವನು ಹೊಸ ಸಿಂಫನಿಯೊಂದನ್ನು ರಚಿಸಿದನು. ಅದರ ಕೊನೆಯ ಭಾಗದಲ್ಲಿ ವಾದಕರು ಒಬ್ಬೊಬ್ಬರಾಗಿ ತಮ್ಮ ಪಾಲು ಮುಗಿಸಿ, ಮುಂದಿದ್ದ ಮೇಣದ ಬತ್ತಿಯನ್ನು ನಂದಿಸಿ ಎದ್ದುಹೋದರು. ಕೊನೆಗೆ ಉಳಿದದ್ದು ಎರಡು ಪಿಟೀಲುಗಳು. ಅವೂ ಮೆಲ್ಲನೆ ನಿಂತವು. ರಾಜಕುಮಾರನಿಗೆ ಅರ್ಥವಾಯಿತು. ಮರುದಿನವೇ ಪರಿವಾರವೆಲ್ಲ ಊರಿಗೆ ಹೊರಟಿತಂತೆ.