ಕಣ್ಣಿನ ಚುಚ್ಚುಮದ್ದಿನ ನಂತರ ನೋವು ಕಂಡರೆ ಸೋಮವಾರಕ್ಕೆ ಕಾಯಬೇಡಿ

ಕಣ್ಣಿನೊಳಗೆ ಸೂಜಿ ಎಂದೊಡನೆ ಮೈ ಜುಮ್ಮೆನ್ನದವರು ವಿರಳ. ಆದರೂ ಇಂದು ಮಧುಮೇಹದಿಂದ ಬಳಲುವ ಅನೇಕರು ಒಂದೆರಡು ತಿಂಗಳಿಗೊಮ್ಮೆ ಈ ಚುಚ್ಚುಮದ್ದಿಗೆ ಕಣ್ಣೊಡ್ಡುತ್ತಿದ್ದಾರೆ. ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಾಗ, ಇಲ್ಲವೆ ವೃದ್ಧಾಪ್ಯದಲ್ಲಿ ಅಲ್ಲಿ ಬೇಡದ ರಕ್ತನಾಳಗಳು ಚಿಗುರಿದಾಗ ದೃಷ್ಟಿಯನ್ನು ಕಾಪಾಡುವ ಔಷಧವಿದು. 2004ರಲ್ಲಿ ಕರುಳಿನ ಕ್ಯಾನ್ಸರ್ ಚಿಕಿತ್ಸೆಗೆಂದು ಅಮೆರಿಕದಲ್ಲಿ ಮಾನ್ಯತೆ ಪಡೆದ ಬೆವಸಿಜುಮಾಬ್ ಮರುವರ್ಷವೇ ಕಣ್ಣಿನ ವೈದ್ಯರ ಕೈಸೇರಿತು. 2006ರಲ್ಲಿ ಕಣ್ಣಿಗೆಂದೇ ಸಿದ್ಧವಾದ ರಾನಿಬಿಜುಮಾಬ್ ಬಂದಿತು. ಓದು ಬರಹ ಮುಗಿಯಿತೆಂದು ಕೈಚೆಲ್ಲಿದ್ದ ಎಷ್ಟೋ ಮಂದಿ ಇವುಗಳಿಂದ ಮತ್ತೆ ಪುಸ್ತಕ ಹಿಡಿದಿದ್ದಾರೆ.

ಇಂತಹ ಉಪಕಾರಿ ಚಿಕಿತ್ಸೆಗೂ ಅಪರೂಪದ ಒಂದು ಅಪಾಯವಿದೆ. ಅದೇ ಕಣ್ಣುಗುಡ್ಡೆಯ ಒಳಗಿನ ಸೋಂಕು. ವೈದ್ಯರು ಇದನ್ನು ಎಂಡಾಫ್ತಾಲ್ಮೈಟಿಸ್ ಎನ್ನುತ್ತಾರೆ. ಸರಿಸುಮಾರು ಎರಡು-ಮೂರು ಸಾವಿರ ಚುಚ್ಚುಮದ್ದುಗಳಲ್ಲಿ ಒಂದರ ನಂತರ ಇದು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಹೆದರಿ ಚಿಕಿತ್ಸೆಯನ್ನೇ ಬಿಡುವುದು ವಿವೇಕವಲ್ಲ. ಬಿಟ್ಟರೆ ಮೂಲ ಕಾಯಿಲೆಯೇ ದೃಷ್ಟಿಯನ್ನು ಕಸಿಯುತ್ತದೆ. ಆದರೆ ಸೋಂಕು ತಗುಲಿದ ಕಣ್ಣಿಗೆ ಪ್ರತಿಯೊಂದು ಗಂಟೆಯೂ ಅಮೂಲ್ಯವೆಂಬುದನ್ನು ಮನೆಮಂದಿಯೆಲ್ಲರೂ ತಿಳಿದಿರಬೇಕು.

ಸೋಂಕು ಬರುವುದೆಲ್ಲಿಂದ?

ಕಣ್ಣಿನ ಒಳಗೆ ಸುಮಾರು 4 ಮಿಲಿಲೀಟರಿನಷ್ಟು ಲೋಳೆಯಂತಹ ಪಾರದರ್ಶಕ ದ್ರವ್ಯವಿದೆ. ಅದರಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದ ರೋಗಾಣುಗಳು ಒಳಹೊಕ್ಕರೆ ದೇಹದ ರಕ್ಷಣಾಪಡೆ ಅಲ್ಲಿಗೆ ತಲುಪುವಷ್ಟರಲ್ಲಿ ಅವು ಬಹುವಾಗಿ ಬೆಳೆದಿರುತ್ತವೆ. ಬಹುಪಾಲು ರೋಗಾಣುಗಳು ರೋಗಿಯ ರೆಪ್ಪೆಯ ಚರ್ಮದಲ್ಲೇ ವಾಸಿಸುವ ಸ್ಟೆಫಿಲೊಕಾಕಸ್ ಜಾತಿಯವು. ಇವಕ್ಕಿಂತ ಉಗ್ರವಾದುದು ಬಾಯಿಯ ಎಂಜಲಿನಲ್ಲಿರುವ ಸ್ಟ್ರೆಪ್ಟೊಕಾಕಸ್. ಚುಚ್ಚುಮದ್ದು ಕೊಡುವಾಗ ವೈದ್ಯರೂ ರೋಗಿಯೂ ಮಾತನಾಡಬಾರದೆಂಬ ನಿಯಮದ ಹಿನ್ನೆಲೆ ಇದೇ. ಸೂಜಿ ಚುಚ್ಚುವ ಮುನ್ನ ಕಣ್ಣಿಗೆ ಹಾಕುವ ಪೊವಿಡೋನ್ ಅಯೋಡಿನ್ ದ್ರಾವಣ ಉರಿ ತರಿಸಿದರೂ ಅದೇ ಮುಖ್ಯ ರಕ್ಷೆ.

ಔಷಧವೇ ಕಲುಷಿತವಾದ ನಿದರ್ಶನಗಳೂ ಇವೆ. 2011ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಒಂದೇ ಔಷಧಾಲಯವು ದೊಡ್ಡ ಶೀಶೆಯಿಂದ ಸಣ್ಣ ಸಿರಿಂಜುಗಳಿಗೆ ಹಂಚಿ ತುಂಬಿದ ಬೆವಸಿಜುಮಾಬ್‌ನಿಂದ 12 ಮಂದಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿತು.

ಗುರುತಿಸುವ ಬಗೆ

ಚುಚ್ಚುಮದ್ದಾದ ದಿನ ತುಸು ಉರಿ, ಬಿಳಿಗುಡ್ಡೆಯ ಮೇಲೆ ನೋವಿಲ್ಲದ ಕೆಂಪು ಕಲೆ, ಗಾಳಿಗುಳ್ಳೆಯಿಂದಾಗಿ ದುಂಡನೆಯ ಕಪ್ಪು ಚುಕ್ಕೆ ಕಾಣುವುದು ಸಾಮಾನ್ಯ. ಉರಿಯೂ ಚುಕ್ಕೆಯೂ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಕೆಂಪು ಕಲೆ ಮಾಸಲು ಒಂದೆರಡು ವಾರ ಹಿಡಿಯಬಹುದು. ಸೋಂಕಿನ ನಡೆ ಇದಕ್ಕೆ ವಿರುದ್ಧ. ಮೊದಲ ದಿನ ಚೆನ್ನಾಗಿಯೇ ಇದ್ದ ಕಣ್ಣು ಸಾಮಾನ್ಯವಾಗಿ ಎರಡರಿಂದ ಏಳನೆಯ ದಿನದೊಳಗೆ ನೋಯತೊಡಗುತ್ತದೆ, ಕೆಂಪೇರುತ್ತದೆ, ಬೆಳಕನ್ನು ಸಹಿಸದು. ದೃಷ್ಟಿ ದಿನದಿಂದ ದಿನಕ್ಕೆ, ಕೆಲವೊಮ್ಮೆ ಗಂಟೆಗಂಟೆಗೂ ಮಸುಕಾಗುತ್ತದೆ. ಕೆಲವರಿಗೆ ನೋವೇ ಇರುವುದಿಲ್ಲ. ಆದುದರಿಂದ ನೋವಿಲ್ಲವೆಂದು ಮಸುಕನ್ನು ಅಲಕ್ಷಿಸಲಾಗದು. ಔಷಧಕ್ಕೇ ಕಣ್ಣು ಕೆರಳಿ ಇಂತಹದೇ ಚಿಹ್ನೆಗಳು ತೋರುವುದುಂಟು. ಆದರೆ ಎರಡನ್ನೂ ಬೇರ್ಪಡಿಸಿ ಹೇಳುವ ಹೊಣೆ ವೈದ್ಯರದು, ಮನೆಯವರದಲ್ಲ.

ವೈದ್ಯರು ಸೂಕ್ಷ್ಮದರ್ಶಕದಿಂದ ನೋಡಿದಾಗ ಕಪ್ಪುಗುಡ್ಡೆಯ ಹಿಂದೆ ಕೆಳಭಾಗದಲ್ಲಿ ಕೀವಿನಂತಹ ಬಿಳಿಯ ಪದರ ಕಾಣಿಸಬಹುದು. ಅಕ್ಷಿಪಟಲ ಕಾಣದಷ್ಟು ಒಳಗೆ ಮಬ್ಬು ಕವಿದಿದ್ದರೆ ಸ್ಕ್ಯಾನಿಂಗ್ ಮಾಡುತ್ತಾರೆ. ಬಳಿಕ ಕಣ್ಣಿನೊಳಗಿನಿಂದ ಹನಿಯಷ್ಟು ದ್ರವವನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ, ವರದಿಗೆ ಕಾಯದೆ ಅದೇ ವೇಳೆಗೆ ವ್ಯಾಂಕೊಮೈಸಿನ್ ಮತ್ತು ಸೆಫ್ಟಾಜಿಡಿಮ್ ಎಂಬ ಎರಡು ಜೀವಿರೋಧಕಗಳನ್ನು ಕಣ್ಣಿನೊಳಗೇ ಚುಚ್ಚುತ್ತಾರೆ. ಮಾತ್ರೆಯಾಗಿ ನುಂಗಿದ ಅಥವಾ ರಕ್ತನಾಳಕ್ಕೆ ಕೊಟ್ಟ ಔಷಧ ಕಣ್ಣಿನ ಒಳಭಾಗವನ್ನು ಸಾಕಷ್ಟು ಪ್ರಮಾಣದಲ್ಲಿ ಸೇರುವುದು ಕಷ್ಟ. ಸೋಂಕು ತೀವ್ರವಾಗಿದ್ದರೆ ಒಳಗಿನ ಕಲುಷಿತ ದ್ರವ್ಯವನ್ನೇ ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಗುತ್ತದೆ. ಪೊರೆಯ ಶಸ್ತ್ರಕ್ರಿಯೆಯ ನಂತರ ಸೋಂಕು ತಗುಲಿದ 420 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವು, ಬೆಳಕು ಮಾತ್ರ ತಿಳಿಯುವ ಹಂತಕ್ಕೆ ಇಳಿದ ಕಣ್ಣಿಗೆ ಈ ಶಸ್ತ್ರಕ್ರಿಯೆ ಹೆಚ್ಚು ಉಪಯುಕ್ತವೆಂದು ತೋರಿಸಿತು. ಚುಚ್ಚುಮದ್ದಿನ ನಂತರದ ಸೋಂಕಿನಲ್ಲೂ ವೈದ್ಯರು ಅದರ ಪಾಠವನ್ನು ಗಮನಿಸುತ್ತಾರೆ. ಚಿಕಿತ್ಸೆ ಬೇಗ ದೊರೆತ ಅನೇಕರಿಗೆ ಉಪಯುಕ್ತ ದೃಷ್ಟಿ ಮರಳಿದೆ. ಸ್ಟ್ರೆಪ್ಟೊಕಾಕಸ್ ಸೋಂಕಿನಲ್ಲಿ ಮಾತ್ರ ನಷ್ಟ ಹೆಚ್ಚು.

ಮನೆಯವರ ಹೊಣೆ

ನಮ್ಮ ಹಿರಿಯರದು ಸಹನೆಯ ಸ್ವಭಾವ. ಮಕ್ಕಳಿಗೆ ಕೆಲಸವಿದೆ, ಹಬ್ಬ ಮುಗಿಯಲಿ, ಸೋಮವಾರ ನೋಡೋಣ ಎಂದು ನೋವನ್ನು ನುಂಗಿಕೊಳ್ಳುತ್ತಾರೆ. ಆ ಎರಡು ದಿನಗಳಲ್ಲೇ ಕಣ್ಣು ಕೈತಪ್ಪಬಹುದು. ಆದುದರಿಂದ ಚುಚ್ಚುಮದ್ದಿನ ನಂತರದ ಒಂದು ವಾರ ದಿನವೂ ಅವರ ಇನ್ನೊಂದು ಕಣ್ಣನ್ನು ಮುಚ್ಚಿಸಿ, ಗೋಡೆಯ ಕ್ಯಾಲೆಂಡರು ನಿನ್ನೆಯಷ್ಟೇ ಸ್ಪಷ್ಟವಾಗಿ ಕಾಣುತ್ತಿದೆಯೇ ಎಂದು ವಿಚಾರಿಸಿರಿ. ಆಸ್ಪತ್ರೆಯ ತುರ್ತು ದೂರವಾಣಿ ಸಂಖ್ಯೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿರಿ. ರೆಪ್ಪೆಯಲ್ಲಿ ಕುರುವೋ ಕಣ್ಣಿನಲ್ಲಿ ಪಿಸುರೋ ಇದ್ದರೆ ಚುಚ್ಚುಮದ್ದಿಗೆ ಮುನ್ನವೇ ವೈದ್ಯರಿಗೆ ತಿಳಿಸಿರಿ. ಕಣ್ಣುಜ್ಜುವುದು, ಕೆರೆ ಹೊಳೆಯ ಸ್ನಾನ, ಜೇನು ಅಥವಾ ಎಣ್ಣೆ ಬಿಡುವುದು, ಮನೆಯಲ್ಲಿ ಉಳಿದಿದ್ದ ಹಳೆಯ ಹನಿ ಹಾಕುವುದು ಇವೆಲ್ಲ ವರ್ಜ್ಯ. ಸಂಶಯ ಮೂಡಿದರೆ ರಾತ್ರಿಯಾದರೂ, ಭಾನುವಾರವಾದರೂ ಕಣ್ಣಿನ ಆಸ್ಪತ್ರೆಗೆ ಹೊರಡಿರಿ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದರೆ ವ್ಯರ್ಥವಾದದ್ದು ಪ್ರಯಾಣದ ಖರ್ಚು ಮಾತ್ರ.