ಅರವತ್ತು ದಾಟಿದರೆ ನಡುಗುವ ಗಾಡಿ

“ಅರವತ್ತರ ತನಕ ಏನೂ ಇಲ್ಲರಿ, ಎಪ್ಪತ್ತಕ್ಕ ಹೋದ್ರ ಸ್ಟೇರಿಂಗ್ ಥರಥರ ಅಂತೈತಿ.” ವಿಜಯಪುರದ ಯಾವ ಗ್ಯಾರೇಜಿನ ಮುಂದೆ ನಿಂತರೂ ಪಿಕಪ್ ಚಾಲಕರ ಈ ಮಾತು ಕಿವಿಗೆ ಬೀಳುತ್ತದೆ. ಮೊದಲು ಚಕ್ರದ ಬ್ಯಾಲೆನ್ಸಿಂಗ್ ಆಗುತ್ತದೆ, ಆಮೇಲೆ ಅಲೈನ್‌ಮೆಂಟ್, ಆಮೇಲೆ ಹೊಸ ಶಾಕ್ ಅಬ್ಸಾರ್ಬರ್. ದುಡ್ಡು ಖರ್ಚಾಗುತ್ತದೆ, ನಡುಕ ಉಳಿಯುತ್ತದೆ. ಕೊನೆಗೆ ಚಾಲಕ ಅದಕ್ಕೆ ಒಗ್ಗಿಕೊಳ್ಳುತ್ತಾನೆ. ಅಪಾಯ ಶುರುವಾಗುವುದು ಅಲ್ಲಿಂದಲೇ. ನಡುಕ ಎಂದರೆ ಬಲ. ಆ ಬಲ ಎಲ್ಲೋ ಒಂದು ಕಡೆ ಕಬ್ಬಿಣವನ್ನು, ಹಣ್ಣನ್ನು ಅಥವಾ ಬೆನ್ನನ್ನು ತಿನ್ನುತ್ತಿರುತ್ತದೆ. ವೇಗ ಮತ್ತು ಭಾರ ಏರಿದಂತೆ ಅದು ಎಷ್ಟು ಪಟ್ಟು ಬೆಳೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು.

ನಮ್ಮ ಭಾಗದಲ್ಲಿ ಈ ಎರಡೂ ಏರುತ್ತಿವೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಒಣಭೂಮಿಗೆ ಹತ್ತಿದೆ. ತಿಕೋಟಾ ಸುತ್ತ ದ್ರಾಕ್ಷಿ ತೋಟ, ಮನೂಕ ಒಣಗಿಸುವ ಶೆಡ್ಡು ಸಾಮಾನ್ಯ ನೋಟ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತೋಟದಿಂದ ಶೆಡ್ಡಿಗೆ ಕ್ರೇಟು, ಶೆಡ್ಡಿನಿಂದ ವಿಜಯಪುರಕ್ಕೋ ಸಾಂಗಲಿ–ತಾಸಗಾಂವ್ ಪೇಟೆಗೋ ಬಾಕ್ಸು. ಎಲ್ಲವನ್ನೂ ಹೊರುವುದು ಇದೇ ಪಿಕಪ್. ಇನ್ನೊಂದು ಕಡೆ ಸೊಲ್ಲಾಪುರದ ಹೆದ್ದಾರಿ 52 ನಾಲ್ಕು ಪಥವಾಗಿದೆ. 2021ರ ಫೆಬ್ರವರಿಯಲ್ಲಿ ಆ ರಸ್ತೆಯ ಒಂದು ಪಥಕ್ಕೆ 18 ಗಂಟೆಯಲ್ಲಿ 25.54 ಕಿ.ಮೀ. ಡಾಂಬರು ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಅಂಥ ರಸ್ತೆಯಲ್ಲಿ ಸರಕು ವಾಹನಕ್ಕೆ 80 ಕಿ.ಮೀ. ವೇಗದವರೆಗೆ ಅನುಮತಿ ಇದೆ. ಬೆಳಿಗ್ಗೆ ಎರಿ ಹೊಲದ ಗಾಡಿದಾರಿಯಲ್ಲಿ ಇಪ್ಪತ್ತರ ವೇಗದಲ್ಲಿ ತೆವಳಿದ ಗಾಡಿಯೇ ಮಧ್ಯಾಹ್ನ ಎಂಬತ್ತರಲ್ಲಿ ಓಡುತ್ತದೆ. ಈ ದಿಢೀರ್ ಬದಲಾವಣೆಯಲ್ಲೇ ನಡುಕದ ಮೊದಲ ಕಾರಣ ಅಂಟಿಕೊಂಡು ಬರುತ್ತದೆ, ಅಕ್ಷರಶಃ.

ಎರಿಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ರಸ್ತೆಯ ಬುಡಕ್ಕೆ ನೀರಿಳಿದಲ್ಲೆಲ್ಲ ಮೇಲಿನ ಡಾಂಬರು ಅಲೆಯಾಗಿ ಏಳುವುದು ಇದರಿಂದಲೇ. ಹಸಿಯಾಗಿದ್ದಾಗ ಇದೇ ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿ, ಒಣಗಿ ಗಟ್ಟಿಯಾಗುತ್ತದೆ. ಹೊರಗಿನಿಂದ ನೀರು ಚಿಮ್ಮಿಸಿ ತೊಳೆದರೆ ಅದು ಕಾಣುವುದೂ ಇಲ್ಲ, ಹೋಗುವುದೂ ಇಲ್ಲ.

ಕಾಲು ಕಿಲೋ ಮಣ್ಣು ಚಕ್ರದ ಒಂದೇ ಮಗ್ಗುಲಿಗೆ ಅಂಟಿದೆ ಎನ್ನೋಣ. 15 ಇಂಚಿನ ರಿಮ್ಮಿನ ಅಂಚು ನಡುವಿನಿಂದ ಸುಮಾರು 19 ಸೆಂ.ಮೀ. ದೂರದಲ್ಲಿರುತ್ತದೆ. 40 ಕಿ.ಮೀ. ವೇಗದಲ್ಲಿ ಆ ಹೆಂಟೆ ಹೊರಕ್ಕೆ ಎಳೆಯುವ ಬಲ ಸುಮಾರು 5 ಕಿಲೋ ಭಾರದಷ್ಟು. 80ಕ್ಕೆ ಹೋದರೆ ಅದು 10 ಆಗುವುದಿಲ್ಲ, 20 ಆಗುತ್ತದೆ. ಏಕೆಂದರೆ ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅದೂ ಸೆಕೆಂಡಿಗೆ ಹತ್ತೂವರೆ ಸಲ ಮೇಲೆ ಕೆಳಗೆ ಜಗ್ಗುತ್ತದೆ. ಅಚ್ಚು ಮತ್ತು ಚಕ್ರಗಳು ಟೈರಿನ ಮೇಲೆ ತಾವಾಗಿಯೇ ಪುಟಿಯುವ ವೇಗವೂ ಸೆಕೆಂಡಿಗೆ 10ರಿಂದ 15 ಸಲದ ಆಸುಪಾಸಿನಲ್ಲಿರುತ್ತದೆ. ಜೋಕಾಲಿ ಹಿಂದಕ್ಕೆ ಬಂದಾಗಲೆಲ್ಲ ಸರಿಯಾಗಿ ತಳ್ಳಿದರೆ ತೂಗು ಹೆಚ್ಚುವಂತೆ ಇಲ್ಲಿಯೂ ನಡುಕ ಹೆಚ್ಚುತ್ತದೆ. “ಎಪ್ಪತ್ತಕ್ಕ ಹೋದ್ರ” ಎಂಬ ದೂರಿನ ಹಿಂದೆ ಇರುವ ಭೌತಶಾಸ್ತ್ರ ಇದು. ರಿಮ್ಮಿನ ಒಳಮೈ ಕೆರೆದು ತೊಳೆಯದೆ ಮಾಡಿಸಿದ ಬ್ಯಾಲೆನ್ಸಿಂಗ್ ಮಣ್ಣಿಗೂ ಸೇರಿಸಿ ಸೀಸ ಕೂರಿಸಿರುತ್ತದೆ. ಮುಂದೆಂದೋ ಹೆಂಟೆ ಉದುರಿದಾಗ ಆ ಸೀಸವೇ ಹೊಸ ರೋಗ.

ಮಣ್ಣು ತೊಳೆದರೂ ನಡುಕ ಹೋಗದಿದ್ದರೆ? ಇಲ್ಲಿ ಹೆಚ್ಚಿನವರು ಊಹೆಗೆ ಇಳಿಯುತ್ತಾರೆ. ಇಳಿಯಬೇಕಾದದ್ದು ಎಣಿಕೆಗೆ.

ಪಿಕಪ್ ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್, ಅಂದರೆ ಚಕ್ರಕ್ಕೆ ಸುಮಾರು ಒಂಬತ್ತೂವರೆ ಸುತ್ತು. ಹಿಂದಿನ ಅಚ್ಚಿನ ಹಲ್ಲಿನ ಅನುಪಾತ 4ಕ್ಕೆ 1 ಎಂದುಕೊಂಡರೆ ಪ್ರೊಪೆಲ್ಲರ್ ಶಾಫ್ಟು, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ, 38 ಸುತ್ತು ಸುತ್ತುತ್ತದೆ. ಅದರ ತುದಿಯ ಜಾಯಿಂಟಿನಲ್ಲಿರುವ ಕ್ರಾಸು ಕೆಟ್ಟರೆ ಸುತ್ತಿಗೆ ಎರಡು ಸಲ ಒದೆಯುತ್ತದೆ: 76. ಹೀಗೆ ಒಂದೊಂದು ಭಾಗಕ್ಕೂ ತನ್ನದೇ ಸಂಖ್ಯೆಯುಂಟು. ಕಣ್ಣಿಗೆ ಕಾಣುವಂತೆ ಕುಣಿದರೆ ಚಕ್ರ, ಗುಂಯ್ ಎಂದು ಕೂತಲ್ಲಿ ಝುಮ್ಮೆನಿಸಿದರೆ ಶಾಫ್ಟು ಎಂದು ಸ್ಥೂಲವಾಗಿ ಹೇಳಬಹುದು. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಮುಂದಿನ ಡಿಸ್ಕು ಒಂದೇ ದಪ್ಪ ಉಳಿದಿಲ್ಲ ಎಂದು ಮೊದಲು ಅನುಮಾನಿಸಬೇಕು.

ಆದರೆ ಗೇರು 1ಕ್ಕೆ 1 ಇದ್ದಾಗ ಎಂಜಿನ್ನು ಮತ್ತು ಶಾಫ್ಟು ಒಂದೇ ವೇಗದಲ್ಲಿ ಸುತ್ತುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ನು ಸುತ್ತಿಗೆ ಎರಡು ಸಲ ಉರಿಯುವುದರಿಂದ ಅದರ ಸಂಖ್ಯೆಯೂ 76. ಒಳ್ಳೆಯ ಮೆಕ್ಯಾನಿಕ್ ಕೂಡ ಎಡವುವ ಜಾಗ ಇದು. ಎಂಜಿನ್ ಮೌಂಟಿಂಗ್ ಸುಮ್ಮನೆ ಬದಲಾಗುವುದು ಇಲ್ಲೇ. ಬಿಡಿಸುವ ಉಪಾಯ ಸರಳ. ಖಾಲಿ, ನೇರ ರಸ್ತೆಯಲ್ಲಿ ಅದೇ ವೇಗ ಹಿಡಿದು ಒಂದು ಗೇರು ಇಳಿಸಬೇಕು. ನಡುಕದ ದನಿ ಏರಿದರೆ ದೋಷ ಎಂಜಿನ್ನಿನ ಕಡೆ. ಇದ್ದಂತೆಯೇ ಇದ್ದರೆ ಶಾಫ್ಟು, ಅಚ್ಚು, ಚಕ್ರಗಳ ಕಡೆ. ಎಕ್ಸಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ಇಳಿದರೆ ಜಾಯಿಂಟಿನ ಕೋನದ ಮೇಲೆ ಅನುಮಾನ ಇಡಬೇಕು.

ಕೈಯಲ್ಲಿರುವ ಮೊಬೈಲೇ ಅಳೆಯುವ ಯಂತ್ರ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯ ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನ ವೇಗೋತ್ಕರ್ಷ ಸಂವೇದಕವನ್ನು ಓದಿ, ಸೆಕೆಂಡಿಗೆ ಎಷ್ಟು ಕಂಪನ ಎಂಬ ನಕ್ಷೆ ಬಿಡಿಸುತ್ತದೆ. ಫೋನನ್ನು ಸೀಟಿನ ಹಳಿಗೆ ಬಿಗಿಯಾಗಿ ಕಟ್ಟಬೇಕು, ನೋಡುವ ಕೆಲಸ ಪಕ್ಕದಲ್ಲಿ ಕೂತವರದು. ಒಂದು ಎಚ್ಚರಿಕೆ: ಸೆಕೆಂಡಿಗೆ 100 ಸಲ ಮಾತ್ರ ಓದುವ ಫೋನು 50ಕ್ಕಿಂತ ಮೇಲಿನ ಕಂಪನವನ್ನು ಸರಿಯಾಗಿ ಹಿಡಿಯಲಾರದು. 76ರ ಒದೆತ ಅದರಲ್ಲಿ 24 ಎಂದು ಸುಳ್ಳು ತೋರಿಸೀತು.

ಈಗ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿಗಳ ವಿಷಯ. ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದೆರಡು ಪಟ್ಟಿ ಹೆಚ್ಚು ಹಾಕಿಸಿದರೆ ಗಾಡಿ ಕೂರುವುದಿಲ್ಲ, ನಾಲ್ಕು ಕ್ರೇಟು ಜಾಸ್ತಿ ಹೇರಬಹುದು ಎಂಬುದು ಎಲ್ಲರಿಗೂ ಗೊತ್ತಿರುವ ಯುಕ್ತಿ. ಹಿಂಭಾಗ ಎತ್ತರವಾದೊಡನೆ ಶಾಫ್ಟಿನ ಇಳಿಜಾರು ಬದಲಾಗುತ್ತದೆ. ಕ್ರಾಸು ಇರುವ ಜಾಯಿಂಟು ಓರೆಯಾಗಿ ತಿರುಗುವಾಗ ಒಂದೇ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಓರೆ 3 ಡಿಗ್ರಿಯಾದರೆ ಈ ಏರಿಳಿತ ಸಾವಿರಕ್ಕೆ ಒಂದಕ್ಕಿಂತ ತುಸು ಹೆಚ್ಚು. 10 ಡಿಗ್ರಿಯಾದರೆ ಸಾವಿರಕ್ಕೆ 15. ಕೋನ ಮೂರು ಪಟ್ಟಿಗಿಂತ ತುಸು ಹೆಚ್ಚಾದಾಗ ಏಟು ಹನ್ನೊಂದು ಪಟ್ಟಾಯಿತು. ಎರಡು ತುದಿಯ ಜಾಯಿಂಟುಗಳ ಕೋನ ಸಮವಾಗಿದ್ದು, ಅವುಗಳ ಕವಲುಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಶಾಫ್ಟು ಬಿಚ್ಚಿ ಜೋಡಿಸುವಾಗ ಹಲ್ಲು ತಪ್ಪಿ ಕೂರಿಸಿದರೂ ಈ ಲೆಕ್ಕ ಕೆಡುತ್ತದೆ. ಕೊಳವೆಯ ಮೇಲೆ ಕಾರ್ಖಾನೆಯಲ್ಲೇ ಕೊರೆದ ಬಾಣದ ಗುರುತು ಇರುವುದು ಅದಕ್ಕೇ. ಗ್ರೀಸು, ಧೂಳಿನ ಕೆಳಗೆ ಅದನ್ನು ಹುಡುಕುವ ತಾಳ್ಮೆ ಸುಗ್ಗಿಯ ಗಡಿಬಿಡಿಯಲ್ಲಿ ಯಾರಿಗೂ ಇರುವುದಿಲ್ಲ.

ಇದನ್ನೆಲ್ಲ ತಡೆದುಕೊಳ್ಳುವ ಉಕ್ಕಿಗೂ ಆಯುಷ್ಯದ ಲೆಕ್ಕವಿದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವ್ಯೋಲರ್ ರೈಲಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ: ಒಂದೇ ಸಲಕ್ಕೆ ಮುರಿಯಲಾರದಷ್ಟು ಚಿಕ್ಕ ಬಲವೂ ಲಕ್ಷಾಂತರ ಸಲ ಮರುಕಳಿಸಿದರೆ ಲೋಹ ದಣಿದು ಬಿರುಕು ಬಿಡುತ್ತದೆ. ಬೆಸುಗೆಯ ಜಾಗಗಳಲ್ಲಿ ಬಲ ಎರಡು ಪಟ್ಟಾದರೆ ಆಯುಷ್ಯ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. ನಮ್ಮ ಶಾಫ್ಟು ಒಂದು ಕಿ.ಮೀ.ಗೆ ಸುಮಾರು 1,900 ಸುತ್ತು ಹಾಕುತ್ತದೆ. 525 ಕಿ.ಮೀ. ಓಡಿದರೆ ಹತ್ತು ಲಕ್ಷ. “ಮುಂದಿನ ತಿಂಗಳು ನೋಡೋಣು” ಎಂದವರು ಕೋಟಿ ಲೆಕ್ಕದಲ್ಲಿ ಏಟು ಕೊಟ್ಟ ಮೇಲೆ ನೋಡುತ್ತಾರೆ. ಬೋಲ್ಟುಗಳ ಕಥೆಯೂ ಅಷ್ಟೇ. ಅಡ್ಡಡ್ಡ ಕಂಪಿಸುವ ಜೋಡಣೆಯಲ್ಲಿ ಬಿಗಿದ ನಟ್ಟು ತಾನಾಗಿಯೇ ಸಡಿಲಗೊಳ್ಳುತ್ತದೆ ಎಂದು 1969ರಲ್ಲಿ ಗೆರ್ಹಾರ್ಡ್ ಯುಂಕರ್ ಪ್ರಯೋಗದಿಂದ ತೋರಿಸಿದ್ದಾರೆ. ಚಕ್ರದ ನಟ್ಟಿಗೂ ಅದೇ ನಿಯಮ.

ಕ್ರಾಸಿನ ಬಟ್ಟಲಿನ ಅಂಚಿನಲ್ಲಿ ಕುಂಕುಮದ ಬಣ್ಣದ ಸಣ್ಣ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ತುಕ್ಕಾಗಿ ಸವೆಯುತ್ತಿದೆ ಎಂದೇ ತಿಳಿಯಬೇಕು. ಆ ಗಾಡಿ ಹೆದ್ದಾರಿಗೆ ಹೋಗಬಾರದು. ಹಿಂದಿನ ಕ್ರಾಸು ಮುರಿದರೆ ಶಾಫ್ಟು ರಸ್ತೆಗೆ ಉಜ್ಜುತ್ತ ಎಳೆದುಕೊಂಡು ಬರುತ್ತದೆ. ಮುಂದಿನದು ಮುರಿದರೆ ಅದರ ತುದಿ ಡಾಂಬರಿಗೆ ನಾಟಿ, ಓಡುತ್ತಿರುವ ಗಾಡಿಯನ್ನೇ ಎತ್ತಬಲ್ಲದು.

ಹಣ್ಣಿನ ನಷ್ಟ ಇಷ್ಟು ಭೀಕರವಲ್ಲ, ಆದರೆ ದಿನಾ ಆಗುವಂಥದ್ದು. ಮೇಲಿನ ಕ್ರೇಟಿನಲ್ಲಿ ಕಂಪನದ ವೇಗೋತ್ಕರ್ಷ ಗುರುತ್ವವನ್ನು ಮೀರಿದ ಕ್ಷಣ ಗೊಂಚಲು ಗಾಳಿಯಲ್ಲಿ ತೇಲಿ ಮತ್ತೆ ಬೀಳುತ್ತದೆ. ತೊಟ್ಟು ಬಿಟ್ಟ ಕಾಳು, ಒಡೆದ ಸಿಪ್ಪೆ, ಅದರಿಂದ ಸೋರಿದ ರಸ ಶೆಡ್ಡಿನಲ್ಲಿ ಅಂಟು ಮನೂಕವಾಗುತ್ತದೆ. ಹಿಂದಿನ ಅಚ್ಚಿನ ಮೇಲೆ, ಅದರ ಹಿಂದೆ ಇಟ್ಟ ಕ್ರೇಟುಗಳಿಗೆ ಪೆಟ್ಟು ಹೆಚ್ಚು.

ಅದೇ ಜಾಗದಲ್ಲಿ ಮನುಷ್ಯರೂ ಕೂರುತ್ತಾರೆ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನುಬಾಹಿರ. ಆದರೂ ಚಾಟ್ನಿಗೆ (ಬಳ್ಳಿ ಸವರುವ ಕೆಲಸಕ್ಕೆ), ಕಟಾವಿಗೆ ಹೋಗುವ ಕೂಲಿ ಹೆಣ್ಣುಮಕ್ಕಳು ಪಿಕಪ್ಪಿನ ತಳದಲ್ಲಿ ಕೂತು ಹೋಗುವುದನ್ನು ನಾವೆಲ್ಲ ಕಾಣುತ್ತೇವೆ. ಕೂತ ದೇಹದ ಬೆನ್ನುಮೂಳೆ ಸೆಕೆಂಡಿಗೆ 4ರಿಂದ 6 ಸಲದ ಕಂಪನಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ. ಖಾಲಿ ಗಾಡಿಯ ಹಿಂಭಾಗ ಮೊದಲು ಸೆಕೆಂಡಿಗೆ 3 ಸಲ ಕುಣಿಯುತ್ತಿತ್ತು ಎನ್ನಿ. ಪಾಟಾ ಏರಿಸಿ ಸ್ಪ್ರಿಂಗು ಎರಡು ಪಟ್ಟು ಬಿರುಸಾದರೆ ಅದು 4.2 ಆಗುತ್ತದೆ. ಹೆಚ್ಚು ಕ್ರೇಟು ಹೊರಲು ಮಾಡಿದ ಬದಲಾವಣೆ ಜನರ ಬೆನ್ನಿಗೆ ಸರಿಯಾಗಿ ತಾಗುವ ಗತಿಗೆ ಗಾಡಿಯನ್ನು ತಂದು ನಿಲ್ಲಿಸಿತು. ಒಂದು ಕಡೆ ಉಬ್ಬಿದ ಟೈರೂ ಗಂಟೆಗೆ 38 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 5 ಸಲ ಎತ್ತಿ ಹಾಕುತ್ತದೆ. ನಮ್ಮ ಹಳ್ಳಿ ರಸ್ತೆಗಳ ಸಹಜ ವೇಗ ಅದೇ. ಯುರೋಪಿನ 2002ರ ಕಾರ್ಮಿಕ ನಿರ್ದೇಶನ ಎಂಟು ತಾಸಿನ ಕೆಲಸಕ್ಕೆ ದೇಹದ ಕಂಪನ ಸೆಕೆಂಡಿನ ವರ್ಗಕ್ಕೆ 0.5 ಮೀಟರ್ ಮುಟ್ಟಿದರೆ ಕ್ರಮ ಕೈಗೊಳ್ಳಿ, 1.15 ದಾಟಲೇಬೇಡಿ ಎನ್ನುತ್ತದೆ. ಕಂಪನ ಎರಡು ಪಟ್ಟಾದರೆ ಸಹಿಸಬಹುದಾದ ಹೊತ್ತು ಕಾಲುಭಾಗಕ್ಕೆ ಇಳಿಯುತ್ತದೆ.

ದ್ರಾಕ್ಷಿ ಕಟಾವು ಶುರುವಾಗುವ ಮುಂಚೆ, ಜನವರಿಯಲ್ಲಿ, ಈ ತಪಾಸಣೆಗೆ ಒಂದು ಬೆಳಗು ಸಾಕು. ರಿಮ್ಮಿನ ಒಳಮೈ ಕೆರೆದು, ಚಕ್ರ ಎತ್ತಿ, ಟೈರಿನ ಹತ್ತಿರ ಒಂದು ಮೊಳೆಯನ್ನು ಅಲುಗದಂತೆ ನಿಲ್ಲಿಸಿ ತಿರುಗಿಸಿ ನೋಡಬೇಕು. ಸಂದು ಒಂದೂವರೆ ಮಿ.ಮೀ.ಗಿಂತ ಹೆಚ್ಚು ಏರಿಳಿದರೆ ಯಾವ ಬ್ಯಾಲೆನ್ಸಿಂಗೂ ಅದನ್ನು ಸರಿಪಡಿಸದು, ಟೈರೋ ರಿಮ್ಮೋ ಬದಲಾಗಬೇಕು. ಆಮೇಲೆ ಕೆಳಗೆ ಮಲಗಿ ಕ್ರಾಸು, ನಡುವಿನ ಸೆಂಟರ್ ಬೇರಿಂಗಿನ ರಬ್ಬರು, ಬಾಣದ ಗುರುತು. ಪಾಟಾ ಹೆಚ್ಚಿಸಿದ ಗಾಡಿಯಾದರೆ ಎರಡೂ ಜಾಯಿಂಟಿನ ಕೋನವನ್ನು ಭಾರ ಹೇರಿದಾಗ ಒಮ್ಮೆ, ಖಾಲಿ ಇದ್ದಾಗ ಒಮ್ಮೆ ಅಳೆಸಬೇಕು. ಮೊಬೈಲಿನ ಲೆವೆಲ್ ಆ್ಯಪಿನಿಂದಲೇ ಅಳೆಯಬಹುದು. ಬಿಡಿಭಾಗದ ಅಂಗಡಿಗೆ ಹೋಗುವುದು ಇಷ್ಟಾದ ಮೇಲೆ.