ಹೊರಟ ಜಾಗವೇ ಹಣೆಬರಹ

ಆನವಟ್ಟಿ ಸೀಮೆಯಲ್ಲಿ ಬಿದ್ದ ಮಳೆ ಹಳ್ಳಕೊಳ್ಳ ಹಿಡಿದು ವರದೆಯನ್ನು ಸೇರುತ್ತದೆ. ತುಂಗಭದ್ರೆ, ಕೃಷ್ಣೆಯರ ಜೊತೆಗೂಡಿ ಬಂಗಾಳ ಕೊಲ್ಲಿಯ ಪಾಲಾಗುತ್ತದೆ. ಸೊರಬ ದಾಟಿ ಸಾಗರದ ಆಚೆಗೆ ಹೋದರೆ ಶರಾವತಿಯ ಸೀಮೆ. ಅಲ್ಲಿಯ ನೀರು ಜೋಗದಲ್ಲಿ ಧುಮುಕಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ನಡುವಿನ ದಿಣ್ಣೆಯ ನೆತ್ತಿಯಲ್ಲಿ ಗೇಣಂತರದಲ್ಲಿ ಬಿದ್ದ ಎರಡು ಹನಿಗಳು ಎರಡು ಕಡಲು ಸೇರಬಹುದು. ಸಂಖ್ಯೆಗಳ ಲೋಕದಲ್ಲೂ ಇಂಥ ದಿಣ್ಣೆಗಳುಂಟು. ಅವಕ್ಕೆ ‘ಜೂಲಿಯಾ ಗಣ’ ಎಂದು ಹೆಸರು.

2ರ ವರ್ಗಮೂಲ ಬೇಕೆನ್ನಿ. ಒಂದು ಸಂಖ್ಯೆಯನ್ನು ಊಹಿಸಿ, 2ನ್ನು ಅದರಿಂದ ಭಾಗಿಸಿ, ಊಹೆ ಮತ್ತು ಭಾಗಲಬ್ಧಗಳ ಸರಾಸರಿ ತೆಗೆಯಬೇಕು. ಬಂದ ಉತ್ತರವೇ ಮುಂದಿನ ಊಹೆ. 1ರಿಂದ ಹೊರಟರೆ 3/2, 17/12, 577/408 ಬರುತ್ತವೆ. ಕೊನೆಯದು ಐದು ದಶಮಾಂಶ ಸ್ಥಾನಗಳವರೆಗೆ ಸರಿ. ಬೌಧಾಯನ ಶುಲ್ಬಸೂತ್ರ ಕೊಡುವ ಬೆಲೆಯೂ ಇದೇ! ಋಣ ಸಂಖ್ಯೆಯಿಂದ ಹೊರಟರೆ ಮಾತ್ರ ಋಣ ವರ್ಗಮೂಲ ಸಿಗುತ್ತದೆ. ಸಮ್ಮಿಶ್ರ ಸಂಖ್ಯೆಗಳನ್ನೂ ಸೇರಿಸಿ ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ, ಬಲಭಾಗದ ಬಿಂದುಗಳೆಲ್ಲ ಒಂದು ಉತ್ತರಕ್ಕೆ, ಎಡಭಾಗದವು ಇನ್ನೊಂದಕ್ಕೆ. ನಡುವೆ ನೆಟ್ಟಗಿನ ಒಂದು ಗೆರೆ. ಅದೇ ಇಲ್ಲಿಯ ಜೂಲಿಯಾ ಗಣ.

ಘನಮೂಲಕ್ಕೆ ಬಂದರೆ ಏನು? 1879ರಲ್ಲಿ ಇಂಗ್ಲೆಂಡಿನ ಆರ್ಥರ್ ಕೇಲಿ ಈ ಪ್ರಶ್ನೆ ಎತ್ತಿದರು. ಉತ್ತರ ಅವರ ಕೈಗೆ ಸಿಗಲಿಲ್ಲ. 1ಕ್ಕೆ ಮೂರು ಘನಮೂಲಗಳಿವೆ. ಮೂರು ಹೊಲಕ್ಕೆ ಮೂರು ಬದು ಇದ್ದಾವೆಂದು ಯಾರಿಗಾದರೂ ಅನ್ನಿಸೀತು. ಹಾಗಲ್ಲ. ಬದುವಿನ ಪ್ರತಿಯೊಂದು ಬಿಂದುವಿನ ಬಳಿಯೂ ಮೂರೂ ಹೊಲಗಳು ಇರುತ್ತವೆ! ಎರಡು ಹೊಲ ಎದುರಾಗುವಲ್ಲೆಲ್ಲ ಮೂರನೆಯದರ ತುಣುಕುಗಳು ಮಣಿಸರದಂತೆ ನುಸುಳುತ್ತವೆ. ಆ ಮಣಿಗಳ ನಡುವೆ ಇನ್ನೂ ಸಣ್ಣ ಮಣಿಗಳು. ಇದಕ್ಕೆ ಕೊನೆಯೇ ಇಲ್ಲ.

ಇಂಥ ಗಡಿಗಳ ಶಾಸ್ತ್ರವನ್ನು ಕಟ್ಟಿದವರು ಫ್ರಾನ್ಸಿನ ಗಾಸ್ತೋಂ ಜೂಲಿಯಾ. 1915ರ ಯುದ್ಧದಲ್ಲಿ ಗಾಯಗೊಂಡು ಮೂಗನ್ನೇ ಕಳೆದುಕೊಂಡ ಈ ತರುಣ 1918ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, 199 ಪುಟಗಳ ಪ್ರಬಂಧ ಪ್ರಕಟಿಸಿದರು. ಅದೇ ಕಾಲದಲ್ಲಿ ಪಿಯರ್ ಫಾತು ಸ್ವತಂತ್ರವಾಗಿ ಇದೇ ದಾರಿ ಕಂಡುಕೊಂಡಿದ್ದರು. ಕಂಪ್ಯೂಟರ್ ಇಲ್ಲದ ಕಾಲ. ಚಿತ್ರವನ್ನು ಮನಸ್ಸಿನಲ್ಲೇ ಕಾಣಬೇಕಿತ್ತು. ಜೂಲಿಯಾ 1978ರಲ್ಲಿ ತೀರಿಕೊಂಡರು. ಮ್ಯಾಂಡೆಲ್‌ಬ್ರಾಟ್ ಮೊದಲಾದವರ ಕಂಪ್ಯೂಟರ್ ಚಿತ್ರಗಳಿಂದ ಅವರ ಹೆಸರು ಮನೆಮಾತಾದದ್ದು 1980ರ ದಶಕದಲ್ಲಿ.

ಸೂತ್ರ ಸರಿಯಿದ್ದರಷ್ಟೇ ಸಾಲದು, ಹೊರಡುವ ಜಾಗವೂ ಸರಿಯಿರಬೇಕು ಎಂಬುದು ಇದರ ಪಾಠ. ಗಡಿಯ ಬಳಿ ಕೂದಲೆಳೆಯ ತಪ್ಪೂ ಬೇರೆಯೇ ಉತ್ತರಕ್ಕೆ ಒಯ್ಯುತ್ತದೆ. ಕ್ಯಾಲ್ಕುಲೇಟರ್ ಇದ್ದ ಮಕ್ಕಳು ಇದನ್ನು ಮನೆಯಲ್ಲೇ ನೋಡಬಹುದು. ಮೇಲಿನ ಲೆಕ್ಕದಲ್ಲಿ 2ರ ಬದಲು −1 ಇಟ್ಟು, 3ರಿಂದ ಹೊರಡಲಿ: 1.33, 0.29, −1.57, −0.47, 0.84... ಎಷ್ಟು ಹೊತ್ತು ಒತ್ತಿದರೂ ಸಂಖ್ಯೆ ಒಂದೆಡೆ ನಿಲ್ಲದು. ಆ ಹುಡುಗ ಅಥವಾ ಹುಡುಗಿ ಆಗ ನಡೆಯುತ್ತಿರುವುದು ಜೂಲಿಯಾ ಗಣದ ಮೇಲೆಯೇ.